ಬಾಗಿಲು ಮುಚ್ಚುವವನು

ಎಲ್ವಿರಾ ತಲೆ ಎತ್ತಿ ನೋಡುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಯಾರೋ ಗುರುತಿಲ್ಲದ ಗಂಡಸಿನ ಹೆಬ್ಬೆರಳು ಅವಳ ಡ್ರ್ಯಾಗನ್ನಿನ ಬಾಲದ ಮೇಲೆ ಕೂತಿತ್ತು.

“ಅಯ್ಯೋ, ಮುಟ್ಬೇಡಿ!”

ಅವನು ಬಿಸಿ ತಗುಲಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಹೆಬ್ಬೆರಳ ತುಂಬ ಹಸಿರು ಬಣ್ಣ.

“ಒಣಗಿದೆಯಾ ಅಂತ ನೋಡ್ದೆ.”

“ಒಣಗಿದೆಯಾ?”

“ಇಲ್ಲ.”

ಎಷ್ಟು ಗಂಭೀರವಾಗಿ ಹೇಳಿದನೆಂದರೆ, ಬೈಯಲು ಬಾಯಿ ತೆರೆದಿದ್ದ ಎಲ್ವಿರಾಳಿಗೆ ಬೈಗುಳವೇ ಮರೆತುಹೋಯಿತು. ಮೂವತ್ತೈದರ ಆಸುಪಾಸಿನವನು. ಹುಬ್ಬಿನಲ್ಲಿ, ಕಿವಿಯ ಮಡಿಕೆಯಲ್ಲಿ ಸುಣ್ಣದ ಪುಡಿ. ಒಂದು ಕೈಯಲ್ಲಿ ಕರಣೆ, ಇನ್ನೊಂದು ಕೈಯ ಬೆರಳನ್ನು ಎಲ್ಲಿ ಒರೆಸಬೇಕೆಂದು ಗೊತ್ತಾಗದೆ ಗಾಳಿಯಲ್ಲಿ ಹಿಡಿದುಕೊಂಡಿದ್ದ.

“ಎಷ್ಟು ದಿನದಿಂದ ಕೂತು ಬರೆದಿದ್ದು ಗೊತ್ತಾ? ಹಬ್ಬದ ಹೂಜಿ ಇದು. ಇವತ್ತು ಭಟ್ಟಿಗೆ ಹೋಗ್ಬೇಕಿತ್ತು.”

ಅವನು ಬಗ್ಗಿ ಹೂಜಿಯನ್ನು ಹತ್ತಿರದಿಂದ ನೋಡಿದ. “ಪಾಪ, ಹಲ್ಲಿಗೆ ನೋವಾಯ್ತೇನೋ.”

“ಹಲ್ಲಿ?”

“ಅಲ್ವಾ?”

“ಡ್ರ್ಯಾಗನ್! ಕುದುರೆ ಮೇಲಿರೋದು ಸಂತ ಜೋರ್ಜೊ. ಕೈಯಲ್ಲಿರೋದು ಈಟಿ.”

“ಇಷ್ಟು ಸಣ್ಣದಕ್ಕೆ ಈಟಿ ಯಾಕೆ? ಪೊರಕೆ ಸಾಕಿತ್ತಲ್ಲ.”

ನಗು ಬಂತು. ಬಂದದ್ದನ್ನು ತೋರಿಸಿಕೊಳ್ಳಬಾರದೆಂದು ಕುಂಚವನ್ನು ನೀರಿಗೆ ಅದ್ದಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು. ಮತ್ತೆ ತಲೆ ಎತ್ತಿದಾಗ ಅವನು ಇನ್ನೂ ನೋಡುತ್ತಲೇ ಇದ್ದ. ಹೂಜಿಯನ್ನಲ್ಲ.

ಅಷ್ಟರಲ್ಲಿ ಒಳಗಿನಿಂದ ಐಡಾ ಅತ್ತೆ ಬಂದಳು. ಎಲ್ವಿರಾಳ ತಂದೆಯ ಅಕ್ಕ, ಈ ಕುಂಬಾರಿಕೆಯ ಅಂಗಡಿಯ ಒಡತಿ. “ಅತ್ತಿಲಿಯೊ, ನಿನ್ನನ್ನ ಕರೆಸಿದ್ದು ಭಟ್ಟಿ ಹಿಂದಿನ ಗೋಡೆ ಬಿರುಕಿಗೆ ಕಣಪ್ಪ. ಬಣ್ಣ ಬಳಿಯೋಕಲ್ಲ.”

ಅವನು ಗೋಡೆಯ ಕಡೆ ಹೊರಟ. ಎಲ್ವಿರಾ ಹಿಂದಿನಿಂದ ಕೇಳಿದಳು: “ನೀವು ಯಾವ ಬಣ್ಣದವರು?”

ಗುಬ್ಬಿಯೊ ಊರಿನಲ್ಲಿ ಹೆಸರಿಗಿಂತ ಮೊದಲು ಕೇಳುವ ಪ್ರಶ್ನೆ ಅದು. ಮೇ ಹದಿನೈದರ ಹಬ್ಬಕ್ಕೆ ಊರು ಮೂರು ಪಾಲಾಗುತ್ತದೆ. ಸಂತ ಉಬಾಲ್ದೊನವರಿಗೆ ಹಳದಿ ಅಂಗಿ, ಸಂತ ಜೋರ್ಜೊನವರಿಗೆ ನೀಲಿ, ಸಂತ ಅಂತೋನಿಯೊನವರಿಗೆ ಕಪ್ಪು. ಹುಟ್ಟಿದ ಕೂಸಿಗೆ ಹೆಸರಿಡುವ ಮುಂಚೆ ಬಣ್ಣ ಬಂದುಬಿಟ್ಟಿರುತ್ತದೆ.

“ಗಾರೆ ಕೆಲಸದೋನಿಗೆ ಆ ಪ್ರಶ್ನೆ ಕೇಳ್ತಾರಾ?” ಅಂದ ಅತ್ತಿಲಿಯೊ, ತಿರುಗದೆ. ಗಾರೆಯವರೆಲ್ಲ ಹಳದಿ. ಅದು ಎಲ್ಲರಿಗೂ ಗೊತ್ತು.

ನೀಲಿ ಸಂತನ ಹೂಜಿಯ ಮೇಲೆ ಹಳದಿಯವನ ಹೆಬ್ಬೆರಳು! ಎಲ್ವಿರಾ ಒದ್ದೆ ಬಟ್ಟೆ ತೆಗೆದುಕೊಂಡು ಬಾಲವನ್ನು ಪೂರ್ತಿ ಒರೆಸಿಹಾಕಿದಳು. ಆಮೇಲೆ ಮತ್ತೆ ಬರೆಯುವಾಗ, ಯಾಕೆಂದು ತನಗೇ ತಿಳಿಯದೆ, ಡ್ರ್ಯಾಗನ್ನನ್ನು ಸ್ವಲ್ಪ ದೊಡ್ಡದಾಗಿ ಬರೆದಳು.

*

ಒಂದು ದಿನದ ಗೋಡೆ ಕೆಲಸ ವಾರವಾದರೂ ಮುಗಿಯಲಿಲ್ಲ.

“ಕೊಲೊಸಿಯಂ ಕಟ್ಟಿದ್ದು ಇದಕ್ಕಿಂತ ಬೇಗ,” ಅಂದಳು ಐಡಾ ಅತ್ತೆ.

“ಅದರಲ್ಲಿ ಎಷ್ಟು ಬಿರುಕಿದೆ ನೋಡಿದೀರಾ ಅಮ್ಮ?” ಅಂದ ಅತ್ತಿಲಿಯೊ.

ಎಲ್ವಿರಾ ಬಣ್ಣ ಅರೆಯುತ್ತ ಕೂತಿರುತ್ತಿದ್ದಳು. ಅವಳಿಗೆ ಬೆನ್ನು ಮಾಡಿಕೊಂಡೇ ಅವನು ಗಾರೆ ಮೆತ್ತುತ್ತಿದ್ದ. ಆದರೆ ಕಿಟಕಿಯ ಗಾಜಿನಲ್ಲಿ ಇಬ್ಬರ ಬಿಂಬವೂ ಬೀಳುತ್ತಿತ್ತು. ಅವಳು ಕಣ್ಣೆತ್ತಿದರೆ ಗಾಜಿನಲ್ಲಿ ಅವನ ಕಣ್ಣು. ಅವನು ಬೇಗ ಕರಣೆ ಆಡಿಸುತ್ತಿದ್ದ, ಅವಳು ಬೇಗ ಕಲ್ಲು ತಿರುವುತ್ತಿದ್ದಳು. ಹೀಗೆ ಸಿಕ್ಕಿಬಿದ್ದದ್ದು ಎಷ್ಟು ಸಲವೋ, ಇಬ್ಬರೂ ಲೆಕ್ಕ ಬಿಟ್ಟರು.

ಒಂದು ಮಧ್ಯಾಹ್ನ ಅವಳು ಹಂಚಿನ ಮೇಲೆ ಸುಟ್ಟ ದಪ್ಪ ರೊಟ್ಟಿಯನ್ನು ಸೀಳಿ, ಒಳಗೆ ಸೊಪ್ಪು, ಹಂದಿಮಾಂಸದ ತೆಳು ಹಾಳೆ ಇಟ್ಟು ಅರ್ಧ ಮುರಿದು ಕೊಟ್ಟಳು.

“ತಗೋ.”

ಅವನು ರೊಟ್ಟಿ ತೆಗೆದುಕೊಳ್ಳದೆ ನಿಂತ.

“ಏನಾಯ್ತು?”

“ತಗೋ ಅಂದ್ರಿ.”

“ಹೂಂ.”

“ನಿನ್ನೇವರೆಗೂ ತಗೊಳ್ಳಿ ಅಂತಿದ್ರಿ.”

ಎಲ್ವಿರಾಳ ಕಿವಿ ಬಿಸಿಯಾಯಿತು. “ಬೇಡವಾದ್ರೆ ಬಿಡಿ.”

“ಇಲ್ಲ ಇಲ್ಲ,” ಅಂದವನು ರೊಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ, ಗುಡಿಯಲ್ಲಿ ಪ್ರಸಾದ ತೆಗೆದುಕೊಳ್ಳುವವನ ಹಾಗೆ. “ನೀನು ಕೊಟ್ಟಿದ್ದನ್ನ ಬೇಡ ಅನ್ನೋ ಪೈಕಿ ಅಲ್ಲ ನಾನು.”

ಆ ‘ನೀನು’ ಇಡೀ ಮಧ್ಯಾಹ್ನ ಅಂಗಡಿಯಲ್ಲಿ ಸುಳಿದಾಡಿತು.

ಅವತ್ತು ರಾತ್ರಿಯೂಟಕ್ಕೆ ಕೂತಾಗ ಐಡಾ ಅತ್ತೆಯೇ ಬಾಯಿ ಬಿಟ್ಟಳು. ಎಲ್ವಿರಾಳ ತಂದೆ ಗ್ವೆರಿನೊ ಚಮಚವನ್ನು ತಟ್ಟೆಗೆ ಬಿಟ್ಟ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

“ಯಾರು? ಅತ್ತಿಲಿಯೊನಾ? ಆ ಬಾಗಿಲು ಮುಚ್ಚೋನಾ?”

“ಯಾವ ಬಾಗಿಲು?” ಎಲ್ವಿರಾ ಕೇಳಿದಳು. ಕೇಳುತ್ತಿರುವಾಗಲೇ ಅವಳಿಗೆ ಹೊಳೆಯಿತು.

ಈ ಊರಿನವರಿಗೆ ಬಾಗಿಲು ಅಂದರೆ ಒಂದೇ. ಹಬ್ಬದ ಸಂಜೆ ಮೂರು ಚೆರೊಗಳನ್ನು, ಅಂದರೆ ನೆತ್ತಿಯ ಮೇಲೆ ಸಂತನನ್ನು ಕೂರಿಸಿದ ಆನೆಭಾರದ ಮರದ ಗೋಪುರಗಳನ್ನು, ಹೆಗಲ ಮೇಲೆ ಹೊತ್ತು ಬೀದಿಬೀದಿ ಓಡಿ, ಬೆಟ್ಟ ಹತ್ತಿ, ತುದಿಯಲ್ಲಿರುವ ಸಂತ ಉಬಾಲ್ದೊನ ಇಗರ್ಜಿಗೆ ಮುಟ್ಟಿಸುತ್ತಾರೆ. ಮುಂದೆ ಹಳದಿ, ಹಿಂದೆ ನೀಲಿ, ಕೊನೆಗೆ ಕಪ್ಪು. ಯಾರೂ ಯಾರನ್ನೂ ದಾಟುವಂತಿಲ್ಲ. ಹಾಗಾದರೆ ಇದೆಂಥ ಪಂದ್ಯ ಎಂದು ಹೊರಗಿನವರು ನಗುತ್ತಾರೆ. ಪಂದ್ಯ ಇರುವುದು ಬಾಗಿಲಲ್ಲಿ. ಹಳದಿಯವರು ಒಳಹೊಕ್ಕ ತಕ್ಷಣ ನೀಲಿಯವರ ಮೂಗಿನ ಮೇಲೇ ಬಾಗಿಲು ಹಾಕಲು ನೋಡುತ್ತಾರೆ. ಅಷ್ಟರೊಳಗೆ ನೀಲಿಯವರು ತಮ್ಮ ಗೋಪುರದ ತುದಿಯನ್ನಾದರೂ ಹೊಸ್ತಿಲ ಒಳಗೆ ತೂರಿಸಬೇಕು.

“ನಾನು ಹೊತ್ತಷ್ಟು ವರ್ಷವೂ,” ಅಂದ ಗ್ವೆರಿನೊ, “ಮುಚ್ಚಿದ ಬಾಗಿಲಿಗೇ ಮೂಗು ಉಜ್ಜಿದೀನಿ. ಮೊದಲು ಇವನಪ್ಪ ಮುಚ್ತಿದ್ದ. ಈಗ ಇವನು. ಮನೆತನದ ಕಸುಬು ನೋಡು!” ಸ್ವಲ್ಪ ಹೊತ್ತು ಸೂಪನ್ನೇ ದಿಟ್ಟಿಸಿದ. “ಸಾಯೋದ್ರೊಳಗೆ ಒಂದ್ಸಲ, ಒಂದೇ ಒಂದ್ಸಲ, ನಮ್ಮ ಜೋರ್ಜೊ ಒಳಗೆ ಹೋಗೋದನ್ನ ನೋಡ್ಬೇಕು.”

“ಹೋದ ವರ್ಷ ಅಲ್ಲಿ ಚೆನ್ನಾಗಿ ಬೈದೆಯಲ್ಲ ಅವನಿಗೆ,” ಅತ್ತೆ ನೆನಪಿಸಿದಳು.

“ಬೈದೆ. ಇವತ್ತು ನನ್ನ ಮಗಳ ರೊಟ್ಟಿ ತಿಂತಾನೆ.”

*

ಹಬ್ಬಕ್ಕೆ ಎರಡು ದಿನ ಇರುವಾಗ ಎಲ್ವಿರಾ ಬೆಟ್ಟದ ದಾರಿ ಹತ್ತಿದಳು. ಚೆರೊ ಹೊರುವವರು ಉಸಿರು ಪಳಗಿಸಲು ಸಂಜೆ ಹೊತ್ತು ಅಲ್ಲಿ ಓಡುತ್ತಾರೆ. ಮೂರನೆಯ ತಿರುವಿನ ಮೋಟು ಗೋಡೆಯ ಮೇಲೆ ಅತ್ತಿಲಿಯೊ ಕೂತು ಬೂಟಿನಿಂದ ಕಲ್ಲು ತೆಗೆಯುತ್ತಿದ್ದ.

“ನೀನೇನಾ ಆ ಬಾಗಿಲು ಮುಚ್ಚೋನು?”

“ಈಗ ಗೊತ್ತಾಯ್ತಾ?”

“ಮೊದಲೇ ಹೇಳ್ಬಹುದಿತ್ತು.”

“ಹೇಳಿದ್ರೆ ರೊಟ್ಟಿ ಸಿಗ್ತಿರಲಿಲ್ಲ.”

ಅವಳು ಪಕ್ಕದಲ್ಲಿ ಕೂತಳು. ಕೆಳಗೆ ಊರಿನ ಹೆಂಚುಗಳೆಲ್ಲ ಇಳಿಬಿಸಿಲಿಗೆ ಜೇನಿನ ಬಣ್ಣ ತಿರುಗಿದ್ದವು. ನಾಳಿದ್ದು ಅಷ್ಟೂ ಕಿಟಕಿಗಳಲ್ಲಿ ಬಾವುಟ, ಅಷ್ಟೂ ಬೀದಿಗಳಲ್ಲಿ ಜನ. ಈಗ ಮಾತ್ರ ಎಲ್ಲಿಂದಲೋ ಬೆಳ್ಳುಳ್ಳಿ ಹುರಿಯುವ ವಾಸನೆ, ಯಾರೋ ಡೋಲು ಕಲಿಯುವ ಸದ್ದು, ಪಕ್ಕದಲ್ಲಿ ಅವನ ಬಿಸಿ ಉಸಿರು.

“ಎಲ್ವಿರಾ.”

“ಹೂಂ.”

“ನನಗೆ ಚೆನ್ನಾಗಿ ಮಾತಾಡಕ್ಕೆ ಬರಲ್ಲ. ಗೋಡೆ ಜೊತೆ ಇದ್ದೂ ಇದ್ದೂ ಹೀಗಾಗಿದೀನಿ.” ಅವನು ಬೂಟಿನ ದಾರವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ. “ಆ ಗೋಡೆ ಮೊದಲನೇ ದಿನಾನೇ ಮುಗಿದಿತ್ತು. ನಿನಗೂ ಗೊತ್ತಿತ್ತು ಅನ್ಸುತ್ತೆ.”

“ಅತ್ತೆಗೂ ಗೊತ್ತಿತ್ತು.”

“ನೀನು ಏನು ಬೇಕಾದ್ರೂ ಕೇಳು. ಮನೆ ಕಟ್ಟು ಅಂದ್ರೆ ಕಟ್ತೀನಿ. ಬೆಟ್ಟ ಅಗಿ ಅಂದ್ರೆ ಅಗೀತೀನಿ. ಕೇಳಿ ನೋಡು.”

ಎಲ್ವಿರಾ ಏನಾದರೂ ಹೇಳಬಹುದಿತ್ತು. ಸುಮ್ಮನೆ ಅವನ ಕೈ ಹಿಡಿದರೂ ಸಾಕಿತ್ತು. ಆದರೆ ಸೂಪು ದಿಟ್ಟಿಸುತ್ತಿದ್ದ ಅಪ್ಪನ ಮುಖ ಕಣ್ಣ ಮುಂದೆ ಬಂತು. ತುಂಟತನವೂ ಬಂತು. ಎರಡೂ ಸೇರಿ ಬಾಯಿಗೆ ಬಂದದ್ದು ಒಂದೇ ಮಾತು.

“ಬಾಗಿಲು.”

“ಏನು?”

“ಈ ವರ್ಷ ಬಾಗಿಲು ಮುಚ್ಬೇಡ. ನನಗೋಸ್ಕರ.”

ಇಬ್ಬರು ಹಳದಿ ಅಂಗಿಯವರು ಏದುಸಿರು ಬಿಡುತ್ತ ಪಕ್ಕದಲ್ಲೇ ಓಡಿಹೋದರು. ಅತ್ತಿಲಿಯೊ ಅವರು ತಿರುವು ದಾಟುವವರೆಗೂ ನೋಡುತ್ತ ಕೂತ. ಅವನ ಮುಖದ ಮೇಲಿದ್ದ ಬೆಳಕನ್ನು ಯಾರೋ ಊದಿ ಆರಿಸಿದಂತಿತ್ತು.

“ಅದೊಂದು ಬಿಟ್ಟು,” ಅಂದ ಕೊನೆಗೆ.

“ಏನು ಬೇಕಾದ್ರೂ ಅಂದೆಯಲ್ಲ?”

“ಅಂದೆ.” ಎದ್ದು ನಿಂತ. “ಕತ್ತಲಾಗ್ತಿದೆ. ಕಲ್ಲಿದೆ, ನೋಡ್ಕೊಂಡು ಇಳಿ.”

ಇಡೀ ದಾರಿ ಅವನು ಒಂದು ಹೆಜ್ಜೆ ಮುಂದೆ ನಡೆದ. ಎಡವುವ ಕಡೆಯಲ್ಲೆಲ್ಲ ನಿಂತು ಕಾದ. ಕೈ ಮಾತ್ರ ಚಾಚಲಿಲ್ಲ.

ಮನೆಗೆ ಬಂದವಳ ಮುಖ ನೋಡಿ ಐಡಾ ಅತ್ತೆ ಎಲ್ಲವನ್ನೂ ಬಾಯಿ ಬಿಡಿಸಿದಳು. ಕೇಳಿ ಹಣೆ ಚಚ್ಚಿಕೊಂಡಳು.

“ಅಲ್ಲ ಕಣೇ, ಅವನು ಬಾಗಿಲು ಬಿಟ್ಟ ಅಂತಿಟ್ಕೋ. ನಾಳೆ ಅವನ ಮುಖ ನೋಡೋಕೆ ನಿನಗೆ ಮನಸ್ಸಾಗುತ್ತಾ?”

ಎಲ್ವಿರಾ ಯೋಚಿಸಿದಳು. “ಇಲ್ಲ.”

“ಬಿಡ್ಲಿಲ್ಲ ಅಂತಿಟ್ಕೋ. ನನ್ನ ಮಾತು ನಡೆಸ್ಲಿಲ್ಲ ಅಂತ ನೀನು ಮುನಿಸ್ಕೋತೀಯ.”

“...ಹೂಂ.”

“ಭೇಷ್! ಎರಡೂ ಕಡೆ ಗಂಟು ಹಾಕಿ ಹಗ್ಗ ಹೊಸೆದಿದೀಯ. ಕತ್ತು ಯಾರದ್ದು ಅಂತ ನೀನೇ ನೋಡ್ಕೋ.”

*

ಹಬ್ಬದ ಬೆಳಿಗ್ಗೆ ದೊಡ್ಡ ಚೌಕದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಬಿಳಿ ಪ್ಯಾಂಟು, ಸೊಂಟಕ್ಕೆ ಕೆಂಪು ಪಟ್ಟಿ, ಕತ್ತಿಗೆ ಕೆಂಪು ಬಟ್ಟೆ, ಮೈಮೇಲೆ ಹಳದಿ, ನೀಲಿ, ಕಪ್ಪು. ನೆಲಕ್ಕೆ ಮಲಗಿಸಿದ್ದ ಗೋಪುರಗಳ ಮೇಲೆ ಮೂವರು ಮುಖಂಡರು ಹತ್ತಿ ನಿಂತು ಹೂಜಿಯ ನೀರು ಸುರಿದು, ಬರಿ ಹೂಜಿಯನ್ನು ಮೇಲಕ್ಕೆಸೆದರು. ಎಲ್ವಿರಾಳ ಹೂಜಿ ನೀಲಿ ಆಕಾಶದಲ್ಲಿ ಒಂದು ಸುತ್ತು ತಿರುಗಿ ಜನರ ನಡುವೆ ಬಿತ್ತು. ಅದೃಷ್ಟ ತರುವ ಅದರ ಒಂದೊಂದು ಚೂರಿಗೂ ಹತ್ತು ಕೈ. ಅದೇ ಗಳಿಗೆಯಲ್ಲಿ ಮೂರು ಗೋಪುರಗಳೂ ಎದ್ದು ನಿಂತವು. ಜನರ ಕೂಗಿಗೆ ಗಂಟೆಗೋಪುರದ ಪಾರಿವಾಳಗಳೆಲ್ಲ ಹಾರಿಹೋದವು.

ಎಲ್ವಿರಾ ನೋಡಿದ್ದು ಇದಾವುದನ್ನೂ ಅಲ್ಲ. ಅವಳು ಹುಡುಕಿದ್ದು ಹಳದಿಗಳ ನಡುವೆ ಒಂದು ಹಳದಿಯನ್ನು. ಸಿಕ್ಕ. ಗೋಪುರದ ಕೆಳಗೆ ಹೆಗಲು ಕೊಟ್ಟಿದ್ದ. ಒಮ್ಮೆ ಇವಳ ಕಡೆ ನೋಡಿದ, ಬೇಗ ಕಣ್ಣು ತಪ್ಪಿಸಿದ.

ಮಧ್ಯಾಹ್ನ ನೀಲಿಯವರು ಪದ್ಧತಿಯಂತೆ ಹಳೆಯ ಹೊರೆಯಾಳುಗಳ ಮನೆಮನೆಯ ಮುಂದೆ ಚೆರೊ ತಂದು ನಿಲ್ಲಿಸಿದರು. ಬಾಲ್ಕನಿಯಲ್ಲಿ ಹಳೆಯ ನೀಲಿ ಅಂಗಿ ತೊಟ್ಟು ನಿಂತಿದ್ದ ಗ್ವೆರಿನೊನ ಕಣ್ಣ ಮಟ್ಟಕ್ಕೆ ಸಂತ ಜೋರ್ಜೊ ಬಂದು ನಿಂತ. ಮುದುಕ ಕೈ ಚಾಚಿ ಸಂತನ ಕುದುರೆಯ ಮೂಗು ಸವರಿದ.

“ಇವತ್ತು ಒಳಗೆ ಹೋಗ್ತಾರೆ ನೋಡು,” ಅಂದ ಮಗಳಿಗೆ. “ನನ್ನ ಮೂಳೆ ಹೇಳ್ತಿದೆ.”

ಎಲ್ವಿರಾ ಊಟದ ನಡುವೆ ಎದ್ದು ಓಡಿದಳು. ಬಾಗಿಲು ಮುಚ್ಚುವ ಗುಂಪಿನವರು ಬೆಟ್ಟಕ್ಕೆ ಹೊರಡುವ ಮುಂಚೆ ಕಾರಂಜಿಯ ಹತ್ತಿರ ಸೇರುತ್ತಾರೆಂದು ಅವಳಿಗೆ ಗೊತ್ತಿತ್ತು. ಅತ್ತಿಲಿಯೊ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದ. ಅವಳು ಹತ್ತಿರವಾಗುವಷ್ಟರಲ್ಲಿ ಡೋಲಿನವರ ಸಾಲು ಇಬ್ಬರ ನಡುವೆ ಬಂದುಬಿಟ್ಟಿತು.

“ಅತ್ತಿಲಿಯೊ! ಅವತ್ತು ಹೇಳಿದ್ದು ಮರೆತುಬಿಡು!”

ಅವನು ಕಿವಿಯ ಹಿಂದೆ ಕೈ ಇಟ್ಟ.

“ಮರೆತುಬಿಡು!” ಗಂಟಲು ಹರಿಯುವಂತೆ ಕೂಗಿದಳು.

ಅವನು ತುಂಬ ಗಂಭೀರವಾಗಿ ತಲೆಯಾಡಿಸಿದ. ಡೋಲುಗಳು ದಾಟಿಹೋಗುವ ಹೊತ್ತಿಗೆ ಕಾರಂಜಿಯ ಹತ್ತಿರ ಯಾರೂ ಇರಲಿಲ್ಲ.

ಕೇಳಿಸಿತೋ ಇಲ್ಲವೋ? ಕೇಳಿಸಿದ್ದರೆ ಅಷ್ಟು ಗಂಭೀರ ಯಾಕೆ? ಚೆರೊಗಳು ಊರ ಬೀದಿಗಳಲ್ಲಿ ಓಡುತ್ತಿರುವಾಗ ಎಲ್ವಿರಾ ಕಾಲುದಾರಿ ಹಿಡಿದು ಬೆಟ್ಟ ಹತ್ತಿದಳು. ಇಗರ್ಜಿಯ ಒಳಗಿನ ಅಂಗಳ ಸೇರಿ, ದೊಡ್ಡ ಬಾಗಿಲಿಗೆ ನಾಲ್ಕು ಮಾರು ದೂರದ ಕಂಬಕ್ಕೆ ಅಂಟಿ ನಿಂತಳು. ಅತ್ತಿಲಿಯೊ ಬಾಗಿಲ ಪಕ್ಕದಲ್ಲಿದ್ದ, ಹೊರಗೆ ಮುಖ ಮಾಡಿ. ಅವಳು ಬಂದದ್ದು ಅವನಿಗೆ ಕಾಣಲಿಲ್ಲ.

ಕೆಳಗಿನಿಂದ ಕೂಗು ಏರುತ್ತ ಬಂತು. ಮೊದಲು ಜೇನುಗೂಡಿನ ಸದ್ದು, ಆಮೇಲೆ ಗುಡುಗು. ಹಳದಿಯವರು ತಿರುವಿನಲ್ಲಿ ಕಾಣಿಸಿಕೊಂಡರು, ಮೆಟ್ಟಿಲ ಮುಂದೆ ಗೋಪುರವನ್ನು ಅಡ್ಡ ಮಲಗಿಸಿ ಹೊತ್ತು, ಬಾಣದಂತೆ ಒಳಗೆ ನುಗ್ಗಿದರು. ಅವರ ಬೆನ್ನಿಗೇ ನೀಲಿ! ಎಂದೂ ಇಷ್ಟು ಹತ್ತಿರ ಬಂದಿರಲಿಲ್ಲ. ಅಂಗಳದವರೆಲ್ಲ ಒಟ್ಟಿಗೆ ಉಸಿರು ಹಿಡಿದರು.

ಅತ್ತಿಲಿಯೊ ಮತ್ತು ಅವನ ಸಂಗಡಿಗರು ಬಾಗಿಲಿಗೆ ಬಿದ್ದರು.

ಎಲ್ವಿರಾ ಅವನನ್ನೇ ನೋಡಿದಳು. ಕಬ್ಬಿಣದ ಗುಬುಟುಗಳಿದ್ದ ಆ ಹಲಗೆಗೆ ಅವನು ಹೆಗಲು, ಕೆನ್ನೆ, ಇಡೀ ಮೈಯನ್ನೇ ಕೊಟ್ಟಿದ್ದ. ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ಕಾಲು ಜಾರುತ್ತಿತ್ತು, ಮತ್ತೆ ಊರುತ್ತಿದ್ದ. ಹೊರಗಿನಿಂದ ಅವಳವರು ಒತ್ತುತ್ತಿದ್ದರು. ಅವಳ ನೆಂಟರು, ಅವಳ ಬೀದಿಯವರು, ಅವಳಪ್ಪನ ಕನಸು. ನಡುವೆ ಉಳಿದಿದ್ದ ಸಂದು ಒಂದು ಗೇಣು.

ಬಾಗಿಲು ತೆರೆದೇ ಉಳಿದರೆ ಊರೆಲ್ಲ ಏನನ್ನುತ್ತದೆಂದು ಆಗ ಅವಳಿಗೆ ಹೊಳೆಯಿತು. ಹುಡುಗಿಗೋಸ್ಕರ ಬಿಟ್ಟ ಅನ್ನುತ್ತದೆ. ಅವನ ಅಪ್ಪ ನಿಂತಿದ್ದ ಜಾಗದಲ್ಲಿ ಅವನು ಇನ್ನೆಂದೂ ನಿಲ್ಲಲಾರ. ಅವಳ ಬಾಯಿ ಅವಳನ್ನು ಕೇಳಲಿಲ್ಲ.

“ಮುಚ್ಚು!” ಅಂತ ಕೂಗಿದಳು. “ಅತ್ತಿಲಿಯೊ, ಮುಚ್ಚು! ಬಾಗಿಲು ಮುಚ್ಚು!”

ಅವನು ತಿರುಗಲಿಲ್ಲ. ಆ ಗದ್ದಲದಲ್ಲಿ ಯಾರಿಗೂ ಯಾರದೂ ಕೇಳುವಂತಿರಲಿಲ್ಲ.

ಗೇಣು ನಾಲ್ಕು ಬೆರಳಾಯಿತು. ಆಗ ಹೊರಗಿನಿಂದ ಒಂದು ಹುಯಿಲು ಎದ್ದಿತು. ಬಾಗಿಲು ಕಿರ್ರೆಂದಿತು, ಒಂದು ಅಂಗುಲ ಹಿಂದೆ ಸರಿಯಿತು, ಇನ್ನೊಂದು ಅಂಗುಲ. ನೀಲಿ ಗೋಪುರದ ಚೂಪು ತುದಿ ಸಂದಿನೊಳಗೆ ತೂರಿಕೊಂಡಿತು. ಇನ್ನು ಮುಗಿಯಿತು. ಬಾಗಿಲು ಹಾರುಹೊಡೆಯಿತು, ಅತ್ತಿಲಿಯೊ ಹಿಂದಕ್ಕೆ ಬಿದ್ದ, ಸಂತ ಜೋರ್ಜೊನವರು ಪ್ರವಾಹದ ಹಾಗೆ ಅಂಗಳಕ್ಕೆ ನುಗ್ಗಿದರು.

*

ಅಳುವ ಗಂಡಸರು, ನಗುವ ಗಂಡಸರು, ಒಬ್ಬರನ್ನೊಬ್ಬರು ಎತ್ತಿ ಕುಣಿಸುವವರು. ಅಂಗಳದ ನಡುವಿನ ಬಾವಿಯ ಸುತ್ತ ಮೂರೂ ಗೋಪುರಗಳು ಸುತ್ತು ಬಂದವು. ಆ ಸಂಭ್ರಮ ಸ್ವಲ್ಪ ತಗ್ಗಿದಾಗ ಒಂದು ಮೂಲೆಯಲ್ಲಿ ಬೇರೆಯೇ ಗದ್ದಲ.

“ಬಿಟ್ಟೆ ಅಲ್ವಾ?” ಹಳದಿಯವರ ಮುಖಂಡ ಬೆರ್ತೊ ಅತ್ತಿಲಿಯೊನ ಎದೆಗೆ ಬೆರಳು ಚುಚ್ಚುತ್ತಿದ್ದ. “ನಿಮ್ಮಪ್ಪನ ಕಾಲದಲ್ಲಿ ಇಂಥದ್ದು ಆಗಿತ್ತಾ?”

“ಬಿಡಲಿಲ್ಲ ಬೆರ್ತಣ್ಣ.”

“ಮೊನ್ನೆ ಬೆಟ್ಟದ ದಾರೀಲಿ ಆ ನೀಲಿ ಹುಡುಗಿ ಇವನನ್ನ ಕೇಳಿದ್ಲು,” ಅಂದ ಇನ್ನೊಬ್ಬ ಹಳದಿಯವನು. “ನನ್ನ ಕಿವಿಯಾರೆ ಕೇಳಿದೀನಿ. ‘ಬಾಗಿಲು ಮುಚ್ಬೇಡ, ನನಗೋಸ್ಕರ’ ಅಂದ್ಲು.”

“ಹೌದೇನೋ? ಅವಳು ಕೇಳಿದ್ಲಾ?”

ಅತ್ತಿಲಿಯೊ ಬಾಯಿ ಬಿಡಲಿಲ್ಲ. ಇಲ್ಲ ಅಂದರೆ ಸುಳ್ಳು. ಹೌದು ಅಂದರೆ ಅವಳ ಮಾನ ಹೋಗುತ್ತದೆ. ತಲೆ ತಗ್ಗಿಸಿ ನಿಂತ, ಎಲ್ಲ ತಪ್ಪೂ ತನ್ನದೇ ಅನ್ನುವ ಹಾಗೆ.

ಅಷ್ಟರಲ್ಲಿ ಬೆಟ್ಟ ಹತ್ತಿ ಬಂದ ಗ್ವೆರಿನೊನ ಕಿವಿಗೂ ಅದು ಬಿತ್ತು. ಅವನ ಮುಖದ ನಗು ಹಾಗೇ ಒಣಗಿತು. “ಏನಂದ್ರಿ? ಬಿಟ್ಟನಾ? ಹಾಗಾದ್ರೆ ಇದು ಭಿಕ್ಷೆನಾ? ನನ್ನ ಮಗಳು ಬೇಡಿ ತಂದಿದ್ದಾ?”

ಎಲ್ವಿರಾ ಬಾವಿಯ ಕಟ್ಟೆಯ ಮೇಲೆ ಹತ್ತಿ ನಿಂತಳು.

“ನಾನು ಕೇಳಿದ್ದು ನಿಜ,” ಅಂದಳು ಗಟ್ಟಿಯಾಗಿ. ಅಂಗಳದ ಮೂರೂ ಬಣ್ಣ ಅವಳ ಕಡೆ ತಿರುಗಿತು. “ಅವನು ಆಗಲ್ಲ ಅಂದಿದ್ದೂ ನಿಜ. ನಾನು ಆ ಕಂಬದ ಹತ್ತಿರಾನೇ ನಿಂತಿದ್ದೆ. ಎಲ್ಲಾ ನೋಡಿದೀನಿ. ಅವನು ಬಿಡಲಿಲ್ಲ. ನಮ್ಮೋರು ಜೋರಾಗಿ ತಳ್ಳಿದ್ರು, ಅಷ್ಟೇ. ಮತ್ತೆ...” ಅಪ್ಪನ ಕಡೆ ತಿರುಗಿದಳು. “ಇವತ್ತು ತನ್ನ ಸಂತನಿಗೆ ದ್ರೋಹ ಮಾಡಿದೋರು ಯಾರಾದ್ರೂ ಇದ್ರೆ ಅವನಲ್ಲ. ನಾನು. ನಾನು ಮುಚ್ಚು ಅಂತ ಕೂಗ್ದೆ.”



“ಏನಂತ ಕೂಗ್ದೆ?” ಗ್ವೆರಿನೊನ ದನಿ ಪಾತಾಳದಿಂದ ಬಂತು.

“ಮುಚ್ಚು ಅಂತ. ಬಾಗಿಲು ಮುಚ್ಚು ಅಂತ. ಮೂರು ಸಲ ಕೂಗ್ದೆ ಅಪ್ಪ.”

“ನೀಲಿ ಬಟ್ಟೆ ಹಾಕ್ಕೊಂಡು?”

“ಹೂಂ.”

ಅತ್ತಿಲಿಯೊ ನಿಧಾನವಾಗಿ ತಲೆ ಎತ್ತಿದ. ಅವನು ನೋಡಿದ ನೋಟವನ್ನು ಎಲ್ವಿರಾ ಮುದುಕಿಯಾಗುವವರೆಗೂ ಮರೆಯಲಾರಳು. ಬೆಳಿಗ್ಗೆ ಎದ್ದಾಗ ಮನೆಯ ಅಂಗಳದಲ್ಲಿ ಸಮುದ್ರ ಕಂಡವನ ಹಾಗೆ ಇತ್ತು ಆ ಮುಖ.

“ನೀನು... ಮುಚ್ಚು ಅಂದೆಯಾ? ನನಗೋಸ್ಕರ?”

“ನಿನಗೆ ಕೇಳಿಸ್ಲೇ ಇಲ್ವಲ್ಲ ಕಿವುಡ!”

“ಮಧ್ಯಾಹ್ನ ಕಾರಂಜಿ ಹತ್ರ ‘ಮರೀಬೇಡ’ ಅಂತ ಕೂಗ್ದೆಯಲ್ಲ?”

“ಮರೆತುಬಿಡು ಅಂದೆ! ಮರೆತುಬಿಡು!”

ಮೊದಲು ನಕ್ಕದ್ದು ಯಾರೋ ಕಪ್ಪು ಅಂಗಿಯವನು. ಆಮೇಲೆ ಇಡೀ ಅಂಗಳ. ನಗದೆ ಉಳಿದವನು ಗ್ವೆರಿನೊ ಒಬ್ಬನೇ. ಅವನು ನೇರ ಅತ್ತಿಲಿಯೊನ ಮುಂದೆ ಹೋಗಿ, ಹಳದಿ ಅಂಗಿಯ ಕತ್ತುಪಟ್ಟಿ ಹಿಡಿದು ಪಕ್ಕಕ್ಕೆಳೆದ. ಹೆಗಲು ಕಪ್ಪಗೆ ಕಂದಿತ್ತು. ಬಾಗಿಲಿನ ಕಬ್ಬಿಣದ ಗುಬುಟುಗಳು ಸಾಲಾಗಿ ಅಚ್ಚು ಹೊಡೆದಿದ್ದವು, ಒಂದೆರಡು ಕಡೆ ರಕ್ತ ಜಿನುಗುತ್ತಿತ್ತು. ಮುದುಕ ಬಹಳ ಹೊತ್ತು ನೋಡಿದ.

“ಬೆರ್ತೊ, ಬಾ ಇಲ್ಲಿ,” ಅಂದ. “ಬಾಗಿಲು ಬಿಟ್ಟೋನ ಹೆಗಲು ಹೀಗಿರುತ್ತಾ?”

ಬೆರ್ತೊ ಬಗ್ಗಿ ನೋಡಿದ, ತಲೆ ಕೆರೆದುಕೊಂಡ. “ಹಾಗಾದ್ರೆ ನಾವು ನ್ಯಾಯವಾಗಿ ಸೋತ್ವಿ?”

“ನ್ಯಾಯವಾಗಿ.”

“ಅದು ಇನ್ನೂ ಕೆಟ್ಟದ್ದಲ್ಲೋ ಮಾರಾಯ!”

ಈಗ ಗ್ವೆರಿನೊ ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಅತ್ತಿಲಿಯೊನ ಕಂದಿದ ಹೆಗಲ ಮೇಲೆಯೇ ಪಟಾರನೆ ಒಂದು ಹೊಡೆದ. ಅವನು ನೋವಿಗೆ ಹಲ್ಲು ಕಚ್ಚಿದ.

“ಭಾನುವಾರ ಊಟಕ್ಕೆ ಬಾ,” ಅಂದ ಮುದುಕ. “ಈ ಹಳದಿ ಅಂಗಿ ಹಾಕ್ಕೊಂಡು ಬಂದ್ರೆ ಹೊಸ್ತಿಲು ತುಳಿಸಲ್ಲ.”

*

ಮುಸ್ಸಂಜೆಗೆ ಗೋಪುರಗಳನ್ನು ಇಗರ್ಜಿಯಲ್ಲೇ ಬಿಟ್ಟು, ಪುಟ್ಟ ಸಂತರನ್ನು ಮಾತ್ರ ಎದೆಗವಚಿಕೊಂಡು ಜನ ಬೆಟ್ಟ ಇಳಿದರು. ಎಲ್ಲರ ಕೈಯಲ್ಲೂ ಮೇಣದ ದೀಪ. ಹಗಲೆಲ್ಲ ಕೂಗಿ ಕೂಗಿ ಒಡೆದ ಗಂಟಲುಗಳು ಈಗ ಮೆತ್ತಗೆ ಸಂತನ ಸ್ತುತಿ ಹಾಡುತ್ತಿದ್ದವು. ಹಳದಿ, ನೀಲಿ, ಕಪ್ಪು ಕಲೆತುಹೋಗಿ, ಯಾರ ಹೆಗಲ ಮೇಲೆ ಯಾರ ಕೈ ಎಂಬುದು ತಿಳಿಯುತ್ತಿರಲಿಲ್ಲ.

ಅತ್ತಿಲಿಯೊ ಎಲ್ವಿರಾಳ ಪಕ್ಕದಲ್ಲಿ ನಡೆಯುತ್ತಿದ್ದ. ಇವತ್ತು ಒಂದು ಹೆಜ್ಜೆ ಮುಂದೆ ಅಲ್ಲ.

“ನೋವಿದೆಯಾ?”

“ನೀನು ಕೇಳಿದ ಮೇಲೆ ಶುರುವಾಯ್ತು.”

“ನಾಟಕ.”

“ಎಲ್ವಿರಾ, ಮದುವೆ ಆಗ್ತೀಯಾ?”

ಅವಳು ತಿರುಗಿದ ರಭಸಕ್ಕೆ ದೀಪದಿಂದ ಒಂದು ತೊಟ್ಟು ಮೇಣ ಬೆರಳ ಮೇಲೆ ಬಿತ್ತು. “ಹೀಗಾ ಕೇಳೋದು? ಒಂದು ಪೀಠಿಕೆ ಇಲ್ಲ, ಏನಿಲ್ಲ?”

“ಮೊನ್ನೆ ಪೀಠಿಕೆ ಹಾಕಿದ್ದೆ. ಏನಾಯ್ತು ಅಂತ ನೋಡಿದೆಯಲ್ಲ.”

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಮುಖ ಬಿಗಿದಳು. “ಮೊದಲು ಒಂದು ವಿಷಯ ಇತ್ಯರ್ಥ ಆಗ್ಲಿ. ಮಗು ಹುಟ್ಟಿದ್ರೆ ಯಾವ ಅಂಗಿ?”

“ಹಳದಿ. ಅದರಲ್ಲಿ ಕೇಳೋದೇನಿದೆ?”

“ನೀಲಿ. ಅದರಲ್ಲಿ ಹೇಳೋದೇನಿದೆ?”

“ಗಂಡಾದ್ರೆ ಹಳದಿ.”

“ಗಂಡಾದ್ರೆ ನೀಲಿ. ಹೆಣ್ಣಾದ್ರೂ ನೀಲಿ.”

“ಅವಳಿಜವಳಿ ಆದ್ರೆ?”

ಹಿಂದೆ ದೀಪ ಹಿಡಿದು ಬರುತ್ತಿದ್ದ ಕಪ್ಪು ಅಂಗಿಯ ಅಜ್ಜನೊಬ್ಬ ಇಷ್ಟು ಹೊತ್ತು ತಾಳಿಕೊಂಡಿದ್ದವನು ಈಗ ಬಾಯಿ ಹಾಕಿದ. “ಜಗಳ ಯಾಕ್ರಪ್ಪ? ಕಪ್ಪು ಹಾಕ್ಸಿ. ಕೊಳೆನೂ ಕಾಣಲ್ಲ.”

“ಇಲ್ಲ!” ಅಂದರು ಇಬ್ಬರೂ ಒಟ್ಟಿಗೆ, ಒಂದೇ ಉಸಿರಲ್ಲಿ.

ಅಜ್ಜ ಕಿಸಕ್ಕನೆ ನಕ್ಕ. “ಅಬ್ಬಾ, ಒಂದು ವಿಷಯಕ್ಕಾದ್ರೂ ಒಪ್ಪಿದ್ರಲ್ಲ. ಇನ್ನೇನು, ಮದುವೆ ಆಗ್ಬಹುದು,” ಅಂತ ಅವರನ್ನು ದಾಟಿ ಹಾಡುತ್ತ ಇಳಿದುಹೋದ.

ಕೆಳಗೆ ಊರ ಹೆಬ್ಬಾಗಿಲು ಕಾಣಿಸಿತು. ದೀಪದ ಸಾಲು ಒಂದೊಂದೇ ಅದರೊಳಗೆ ಇಳಿಯುತ್ತಿತ್ತು. ಆ ಕಮಾನಿನ ಕೆಳಗೆ ದಾರಿ ಕಿರಿದು, ಇಬ್ಬರು ಸೇರಿ ದಾಟಬೇಕಾದರೆ ಒತ್ತಿಕೊಂಡೇ ದಾಟಬೇಕು. ಅಲ್ಲಿ ಎಲ್ವಿರಾ ನಿಂತಳು. ಹಿಂದಿನವರು “ನಡೀರಪ್ಪ, ನಡೀರಿ” ಅಂದರೂ ಅಲುಗಲಿಲ್ಲ. ಅವನ ಕತ್ತಿನ ಕೆಂಪು ಬಟ್ಟೆ ಹಿಡಿದು ತನ್ನ ಕಡೆಗೆ ಬಗ್ಗಿಸಿದಳು.

“ಆಗ್ತೀನಿ,” ಅಂತ ಕಿವಿಯಲ್ಲಿ ಹೇಳಿದಳು. “ಈಗ ಕೇಳಿಸ್ತಾ?”

“ಇಲ್ಲ,” ಅಂದ ಅತ್ತಿಲಿಯೊ. “ಇನ್ನೊಂದ್ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು, ಮಾತಿಲ್ಲದೆ.